ಠಾಣೆಗೆ ಹೇಳಿ ಹೊರಡುವ ಮಾಮ

ಆ ಬೆಳಿಗ್ಗೆ ನಮ್ಮ ಮನೆಯ ಕಟ್ಟೆಯ ಮೇಲೆ ಅವ್ವ ಗೋಡೆಗೆ ಬೆನ್ನು ಕೊಟ್ಟು ಮೊರದಲ್ಲಿ ಸಜ್ಜೆ ಹಸನು ಮಾಡುತ್ತಿದ್ದಳು. ನನ್ನ ಹೆಂಡತಿ ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಾನು ಪಾತ್ರೆ ಅಂಗಡಿಯ ಬೀಗದ ಕೈ ಬೆರಳಿಗೆ ಸಿಕ್ಕಿಸಿಕೊಂಡು, ಹೊರಡಲು ಮನಸ್ಸಿಲ್ಲದೆ ಕೂತಿದ್ದೆ. ಅಷ್ಟರಲ್ಲಿ ನಮ್ಮ ಮುಂದಿನ ಖೋಲಿಯ ಮುದುಕ, ನಾನು ಹುಟ್ಟಿ ಬುದ್ಧಿ ಬಂದಾಗಿನಿಂದ ಮಾಮ ಎಂದು ಕರೆಯುತ್ತ ಬಂದವನು, ಹಡಗಲಿಗೆ ಎಂದು ಹೊರಟುಹೋದವನು, ವಾಪಸು ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಇನ್ನೂ ಮಡಿಕೆ ಬಿಟ್ಟಿರಲಿಲ್ಲ. ಕೈಚೀಲದಲ್ಲಿ ಮಂಡಕ್ಕಿ ಒಗ್ಗರಣೆಯ ಪೊಟ್ಟಣವಿತ್ತು. ಎಣ್ಣೆ ಹೀರಿ ಕಾಗದ ಮೆತ್ತಗಾಗಿತ್ತು.

"ಯಾಕ ತಮ್ಮ, ಬಸ್ಸು ತಪ್ಪಿತೇನು?" ಅವ್ವ ಕೇಳಿದಳು.

"ಬಸ್ಸು ಎಲ್ಲಿ ತಪ್ಪತೈತಿ ಅಕ್ಕ. ಸ್ಟ್ಯಾಂಡಿನಾಗ ನಿಂತೈತಿ. ಹೋಗು ಅನ್ನಲಿಲ್ಲ ಅವರು."

"ಯಾರು?"

"ಸ್ಟೇಷನ್ನಿನವರು."

ಅವ್ವ ಮೊರ ಕೆಳಗಿಟ್ಟಳು. ಅಂದು ಮಾಮನ ಹೆಂಡತಿ ತೀರಿಕೊಂಡ ದಿನ. ವರ್ಷಕ್ಕೊಮ್ಮೆ ಆ ದಿನ ಹಡಗಲಿ ಕಡೆಯ ಅವಳ ತವರಿನ ಹೊಲಕ್ಕೆ ಹೋಗಿ, ಅವಳ ಗೋರಿಯ ಮೇಲೆ ಅವಳಿಗಿಷ್ಟವಾದ ಮಂಡಕ್ಕಿ ಒಗ್ಗರಣೆ ಎಡೆ ಇಟ್ಟು ಬರುವುದು ಮಾಮ ತಪ್ಪದೆ ನಡೆಸಿಕೊಂಡು ಬಂದ ಕೆಲಸ. ಅದಕ್ಕೂ ಮುಂಚಿನದು, ಇನ್ನೂ ಹಳೆಯದು, ಇನ್ನೊಂದಿತ್ತು: ಊರು ಬಿಡುವ ಮೊದಲು ಪೊಲೀಸ್ ಠಾಣೆಗೆ ಹೋಗಿ ಹೇಳುವುದು. ಎಲ್ಲಿಗೆ ಹೋಗುತ್ತೇನೆ, ಯಾವಾಗ ಬರುತ್ತೇನೆ ಎಂದು. ಮೇಜಿನ ಹಿಂದೆ ಕೂತವರು "ಹ್ಞೂಂ, ಹೋಗಿ ಬಾ" ಅಂದಮೇಲೆಯೇ ಬಸ್ಸು ಹತ್ತುವುದು. ಬಂದಮೇಲೆ ಮತ್ತೆ ಹೋಗಿ, "ಬಂದೀನಿ" ಎಂದು ಹೇಳಿ, ಆಮೇಲೆ ಮನೆಯ ಬೀಗ ತೆಗೆಯುವುದು.

ಇದನ್ನು ಓದುವವರಿಗೆ ಮಾಮ ಯಾವ ಕೇಡಿ ಎಂದು ಅನ್ನಿಸೀತು. ಅದಕ್ಕೇ ಹೇಳಿಬಿಡುತ್ತೇನೆ. ಹರಪನಹಳ್ಳಿಯಲ್ಲಿ ಅವನನ್ನು ಹಲ್ಲಿನ ಡಾಕ್ಟರು ಎನ್ನುತ್ತಿದ್ದರು. ಡಾಕ್ಟರಿಕೆ ಓದಿದವನಲ್ಲ, ಹಲ್ಲು ಕಟ್ಟುವ ಕಸುಬಿನವನು. ಸುತ್ತಮುತ್ತಲಿನ ಬೊಚ್ಚುಬಾಯಿಯವರೆಲ್ಲ ಅವನ ಖೋಲಿಯಲ್ಲಿ ಬಾಯಿ ತೆರೆದು ಕೂತವರೇ. ಅವ್ವನ ಬಾಯಲ್ಲಿ ಇರುವುದೂ ಅವನೇ ಕಟ್ಟಿಕೊಟ್ಟ ಸೆಟ್ಟು. ಅವನನ್ನು ಬೈಯುವಾಗ ಅದು ಸಡಿಲಾದರೆ, "ನೋಡು, ನೀ ಕಟ್ಟಿದ ಹಲ್ಲು ನಿನ್ನ ಬೈಯಾಕ ಒಲ್ಲೆ ಅಂತಾವ" ಅನ್ನುತ್ತಿದ್ದಳು.

ಮಾಮ ಹುಟ್ಟಿದ್ದು ಅಸ್ಸಾಮಿನ ಒಂದು ಚಹಾ ತೋಟದಲ್ಲಿ. ತಾಯಿ ಅಲ್ಲಿ ಎಲೆ ಬಿಡಿಸುವ ಹೆಣ್ಣುಮಗಳು. ತಂದೆ ಚೀನಾದಿಂದ ಎಳೆಯ ವಯಸ್ಸಿನಲ್ಲಿ ಬಂದು ನಿಂತ ಬಡಗಿ. ಚೀನಾ ಯುದ್ಧವಾದಾಗ ಮಾಮನಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ಒಂದು ಬೆಳಿಗ್ಗೆ ಪೊಲೀಸರು ಬಾಗಿಲಿಗೆ ಬಂದರಂತೆ. ಒರಟಾಗಿಯೇನೂ ಮಾತಾಡಲಿಲ್ಲವಂತೆ. "ಏನೂ ಆಗುವುದಿಲ್ಲ, ಏನೂ ಬೇಕಾಗಿಲ್ಲ, ಉಟ್ಟ ಬಟ್ಟೆಯ ಮೇಲೆ ಇನ್ನೊಂದು ಜೊತೆ ತಗೊಂಡರೆ ಸಾಕು" ಅಂದರಂತೆ. ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ತಾಯಿ ಒಲೆಯ ಬೆಂಕಿ ಸಣ್ಣ ಮಾಡಿ, ಬಾಗಿಲು ಮುಂದಕ್ಕೆಳೆದು ಹೊರಟಳು, ಸಂಜೆಗೆ ಬರುವವಳ ಹಾಗೆ. ಕಿಟಕಿ ಮುಚ್ಚಿದ ರೈಲಿನಲ್ಲಿ ಕೂರಿಸಿ, ರಾಜಸ್ಥಾನದ ಮರಳಿನ ನಡುವೆ ತಂತಿ ಬೇಲಿ ಹಾಕಿದ ಶಿಬಿರದಲ್ಲಿ ಇಳಿಸಿದರು. ಶತ್ರು ದೇಶದವರು ಎಂದು. ಅಲ್ಲಿ ವರ್ಷಗಳೇ ಕಳೆದವು. ತಂದೆಯನ್ನು ಒಂದು ಬೆಳಿಗ್ಗೆ ಕರೆದೊಯ್ದು, ಅವನು ಮರೆತೇಹೋಗಿದ್ದ ದೇಶಕ್ಕೆ ಹಡಗು ಹತ್ತಿಸಿದರು. ಮಾಮ ಆಗ ನೀರು ತರಲು ಸಾಲಿನಲ್ಲಿ ನಿಂತಿದ್ದ. ಕೊಡ ತುಂಬಿಸಿಕೊಂಡು ಬರುವಷ್ಟರಲ್ಲಿ ಚಾಪೆ ಖಾಲಿ. ತಾಯಿ ಜ್ವರ ಬಂದು ಅಲ್ಲೇ ತೀರಿಕೊಂಡಳು. ಅವಳನ್ನು ಎಲ್ಲಿ ಮಣ್ಣು ಮಾಡಿದರು ಎನ್ನುವುದನ್ನು ಕೈ ಮಾಡಿ ತೋರಿಸಲೂ ಅವನಿಗೆ ಬರುತ್ತಿರಲಿಲ್ಲ. "ಎಲ್ಲಾ ಮಳಲು, ಅಳಿಯ. ಗಾಳಿ ಬಿಟ್ರ ಜಾಗ ಬದಲಾಗತಿತ್ತು" ಅನ್ನುತ್ತಿದ್ದ.

ಇದನ್ನು ಅವನು ಒಂದೇ ಸಲಕ್ಕೆ ಹೇಳಿದವನಲ್ಲ. ಹಲ್ಲಿನ ಸೆಟ್ಟಿಗೆ ಅರ ಹಾಕುತ್ತ ಅಷ್ಟಷ್ಟು ಹೇಳಿ, ಪುಡಿ ಊದಿ, ಬೇರೆ ಮಾತಿಗೆ ಹೋಗುತ್ತಿದ್ದ.

ಅದೇ ಶಿಬಿರದಲ್ಲಿದ್ದ ಹಲ್ಲು ಕಟ್ಟುವ ಮುದುಕನೊಬ್ಬ, ಬಿಟ್ಟಮೇಲೆ ಈ ಒಂಟಿ ಹುಡುಗನನ್ನು ಜೊತೆಗೆ ಕರೆದುಕೊಂಡು ಬಳ್ಳಾರಿಗೆ ಬಂದ. ಕಸುಬು ಕಲಿಸಿದ. ಆ ಮುದುಕ ತೀರಿಕೊಂಡಮೇಲೆ ಮಾಮ ನಮ್ಮೂರಿಗೆ ಬಂದು ನಮ್ಮಜ್ಜಿಯ ಮುಂದೆ ನಿಂತ. ಖೋಲಿ ಬಾಡಿಗೆಗೆ ಸಿಕ್ಕಿತು. ಕನ್ನಡವನ್ನು ಅಜ್ಜಿ, ಅವ್ವ ಇಬ್ಬರೂ ಬೈದು ಬೈದು ಕಲಿಸಿದರು. ಮನೆಯ ಹಿರಿಯರಿಗೆ ಹೇಳದೆ ಹೊಸ್ತಿಲು ದಾಟಬಾರದು ಎನ್ನುವುದನ್ನೂ ಕಲಿಸಿದರು. ಸರಕಾರ ಅದಕ್ಕೂ ಮೊದಲೇ ಕಲಿಸಿತ್ತು: ಊರು ದಾಟಬೇಕಾದರೆ ಠಾಣೆಗೆ ಹೇಳಬೇಕು. ಬಿಡುಗಡೆಯಾಗಿ ಬಂದವರಿಗೆಲ್ಲ ಆಗ ಆ ಕಟ್ಟಳೆಯಿತ್ತು.

ಅವನು ಮದುವೆಯಾದದ್ದು ನಮ್ಮೂರ ಸರಕಾರಿ ಆಸ್ಪತ್ರೆಯ ನರ್ಸಮ್ಮನನ್ನು. ಹಡಗಲಿ ಕಡೆಯ ಕೂಲಿ ಮನೆತನದಲ್ಲಿ ಹುಟ್ಟಿ ಓದಿ ಮೇಲೆ ಬಂದ ಗಟ್ಟಿ ಹೆಣ್ಣು. ಠಾಣೆಯ ಬೇವಿನ ಮರದಡಿ ಕೊಡೆ ಹಿಡಿದು ನಿಂತು, ಒಳಗೆ ಹೋದ ಗಂಡನಿಗೆ ಕಾಯುತ್ತ, ಹೋಗಿಬರುವವರಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು: "ಬ್ಯಾರೆ ಗಂಡಸ್ರು ಹೆಂಡ್ತಿ ಹೊಡದು ಸ್ಟೇಷನ್ನಿಗೆ ಬರ್ತಾರ. ನನ್ನ ಗಂಡ ಹೆಂಡ್ತಿ ಊರಿಗೆ ಹೋಗಾಕ ಸ್ಟೇಷನ್ನಿಗೆ ಬರ್ತಾನ." ಮಕ್ಕಳಾಗಲಿಲ್ಲ. ಅವಳು ಹೋದಮೇಲೆ ತವರಿನವರು ತಮ್ಮ ಹೊಲದ ಬದುವಿನಲ್ಲೇ ಜಾಗ ಕೊಟ್ಟರು. ಅವಳ ಮಗ್ಗುಲಲ್ಲಿ ಇನ್ನೊಬ್ಬರಿಗಾಗುವಷ್ಟು ನೆಲ ಬಿಟ್ಟು, ಮಾಮನೇ ಕಲ್ಲು ನೆಟ್ಟು ಬಂದಿದ್ದ.

ಆ ಬೆಳಿಗ್ಗೆ ಠಾಣೆಯಲ್ಲಿ ನಡೆದದ್ದು ಇಷ್ಟೇ. ಹೊಸದಾಗಿ ಬಂದಿದ್ದ ಸಾಹೇಬರು ಮೈಸೂರು ಕಡೆಯವರು. ಮಾಮ ಕೈಮುಗಿದು ಎಲ್ಲಿಗೆ, ಯಾವಾಗ ವಾಪಸು ಎಂದು ಒಪ್ಪಿಸಿದ. ಅವರು ಪಾಪ, ಒಳ್ಳೆಯ ಮಾತಿನಲ್ಲೇ, "ಇದೆಲ್ಲ ಏನೂ ಬೇಕಾಗಿಲ್ಲ ಯಜಮಾನ್ರೇ, ಎಲ್ಲಿಗೆ ಬೇಕಾದ್ರೂ ಹೋಗಿ" ಅಂದರು. ಮಾಮ ಆ "ಹ್ಞೂಂ"ಗೆ ಕಾದು ನಿಂತ. ಅವರು ಫೋನಿಗೆ ತಿರುಗಿದರು. ಮಾಮ ಮನೆಗೆ ಬಂದ.

"ಎಲ್ಲಿ ಬೇಕಾದ್ರೂ ಹೋಗು ಅಂದ್ರಂತಲ್ಲ, ಮತ್ತೇನು?" ಅಂದೆ ನಾನು.

"ಬೇಕಾಗಿಲ್ಲ ಅಂದ್ರಪ್ಪ. ಆ ಮಾತು ನಾ ಒಮ್ಮೆ ಕೇಳೀನಿ, ಚಾ ತ್ವಾಟದಾಗ."

ಮಧ್ಯಾಹ್ನದ ಬಸ್ಸೂ ಹೋಯಿತು. ನಾನು ಅಂಗಡಿ ಮುಚ್ಚಿ ಬಂದು, ಗೆಳೆಯನ ಕಾರು ತರಿಸುತ್ತೇನೆ, ಸುಮ್ಮನೆ ಹತ್ತಿ ಕೂತುಕೋ, ಯಾರಿಗೂ ಗೊತ್ತಾಗುವುದಿಲ್ಲ ಅಂದೆ. ಮಾಮ ನನ್ನ ಮುಖ ನೋಡಿದ.

"ಯಾರಿಗೂ ಗೊತ್ತಾಗದಂಗ ಹೋದೋರ್ನ ಬಾಳ ಮಂದಿ ನೋಡೀನಿ, ಅಳಿಯ."

ಮಂಡಕ್ಕಿ ಪೊಟ್ಟಣವನ್ನು ಅವನು ಗೂಟಕ್ಕೆ ನೇತುಹಾಕಿದ. ತಿನ್ನಲೂ ಇಲ್ಲ, ಚೆಲ್ಲಲೂ ಇಲ್ಲ.

ಮರುದಿನ ನಾನೇ ಅವನ ಜೊತೆ ಠಾಣೆಗೆ ಹೋದೆ. ಸಾಹೇಬರು ಬಂದೋಬಸ್ತಿಗೆ ಹೋಗಿದ್ದರು. ಮೇಜಿನ ಹಿಂದಿದ್ದ ಪೇದೆ, "ಸಾಹೇಬ್ರು ಬೇಕಾಗಿಲ್ಲ ಅಂದಮ್ಯಾಲೆ ನಾ ಹೆಂಗ ಹ್ಞೂಂ ಅನ್ಲಿ" ಅಂದ. ಅದೂ ನಿಜವೇ. ಇನ್ನೊಂದು ದಿನ ಹೋದೆವು. ಸಾಹೇಬರಿದ್ದರು, ಮಂದಿಯೂ ಇದ್ದರು. ಗೋಡೆಗೆ ಒರಗಿ ಬೆಂಚಿನ ಮೇಲೆ ಕೂತೆವು. ಹೊರಗೆ ಮೆಕ್ಕೆಜೋಳದ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಮಾರ್ಕೆಟ್ಟಿನ ಕಡೆ ಹೋಗುತ್ತಿದ್ದವು. ನಮ್ಮ ಸರದಿ ಬಂದಾಗ ನಾನು ಎದ್ದು ಎಲ್ಲವನ್ನೂ ಬಿಡಿಸಿ ಹೇಳಲು ಹೋದೆ: ಅಸ್ಸಾಮು, ಯುದ್ಧ, ಶಿಬಿರ. ಅರ್ಧಕ್ಕೇ ನನಗೆ ನನ್ನ ಮಾತೇ ಭಾರವಾಯಿತು. ಸಾಹೇಬರು ಕೇಳಿಸಿಕೊಂಡರು. "ಅಯ್ಯೋ, ಅದೆಲ್ಲ ಮುಗಿದು ಎಷ್ಟು ಕಾಲ ಆಯ್ತು! ಇವರು ನಮ್ಮೋರೇ ಅಲ್ವಾ? ಯಾರ ಅಪ್ಪಣೆನೂ ಬೇಡ ಇವರಿಗೆ" ಅಂದರು. ಅವರ ದನಿಯಲ್ಲಿ ಮರುಕವಿತ್ತು. ಅದಕ್ಕೆ ನಾನು ಏನೆಂದು ಜಗಳ ತೆಗೆಯಲಿ?

ದಾರಿಯಲ್ಲಿ ಮಾಮ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟ.

"ಇನ್ನಾ ಹೆದರಿಕಿ ಐತೇನು ಮಾಮ, ಈ ವಯಸ್ಸಿನಾಗ?" ಕೇಳಿದೆ.

"ಹೆದರಿಕಿ ಯಾವಾಗೋ ಹೋತು. ಸುಸ್ತಪ್ಪ. ಮೊದ್ಲಾ ಹೇಳಿ ಹೋದ್ರ ಆಮ್ಯಾಲೆ ಹೇಳೋದು ಉಳಿಯಂಗಿಲ್ಲ. ಎಲ್ಯಾರ ಒಬ್ಬಾವ ಬಸ್ಸಿನಾಗ, ಯಾವೂರು ನಿಂದು, ಈ ಮುಖ ಎಲ್ಲಿಂದು ಅಂತಾನ. ನಾ ಶುರು ಮಾಡಬೇಕು. ಚಾ ತ್ವಾಟದಿಂದ ಹಿಡದು. ಸ್ಟೇಷನ್ನಿಗೆ ಹೇಳೀನಿ, ಕೇಳ್ಕೋ ಹೋಗು, ಅಂತ ಒಂದಾ ಮಾತಿಗೆ ಮುಗಸಬೌದು. ಅಷ್ಟಾ."

ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಹೇಳಿದ. "ಆಕಿ ಬಾಜೂಕ ಜಾಗ ಹಿಡದೀನಿ. ನಡಕೋಂತ ಹೋಗೋನನ್ನಾ ಹ್ಞೂಂ ಅಂದು ಕಳಸಲಿಲ್ಲ. ನಾಳೆ ನಾಕು ಮಂದಿ ಹೊತ್ತು ಒಯ್ಯೋ ಹೊತ್ತಿಗೆ ಕಳಸ್ತಾರೇನು? ನಮ್ಮವ್ವನಂಗ ಎಲ್ಯಾರ ಹಾಕಿಬಿಟ್ರ?"

ಆಗ ನನಗೆ ತಿಳಿಯಿತು, ಅವನು ಕೇಳುತ್ತಿದ್ದದ್ದು ಬರೀ ಆ ವರ್ಷದ ಎಡೆಯ ಅಪ್ಪಣೆಯನ್ನಲ್ಲ ಎಂದು.

ಅಂದಿನಿಂದ ಅವನು ಖೋಲಿ ಬಿಟ್ಟು ಹೊರಗೆ ಬರುವುದು ಕಡಿಮೆಯಾಯಿತು. ಹಲ್ಲು ಕಟ್ಟಿಸಲು ಬಂದವರಿಗೆ ಮುಂದಿನ ವಾರ ಬರ್ರಿ ಎನ್ನುತ್ತಿದ್ದ. ಅವ್ವ ರೊಟ್ಟಿ ಕಳಿಸಿದರೆ ಅರ್ಧ ವಾಪಸು ಬರುತ್ತಿತ್ತು. ಅವಳು ಕೋಲೂರಿಕೊಂಡು ಖೋಲಿಯ ಬಾಗಿಲಿಗೇ ಹೋಗಿ ನಿಂತು, "ಸ್ಟೇಷನ್ ಏನ್ ನಿನಗ ಅತ್ತಿಮನಿ ಏನೋ? ನಿನಗಿಂತ ಹಿರೇಳು ನಾ ಅದೀನಿ. ನಾ ಹೇಳ್ತೀನಿ, ಹೋಗಿ ಬಾ" ಅಂದಳು.

"ನೀ ಯಾವಾಗಲೂ ಹೋಗಿ ಬಾ ಅಂತೀಯಲ್ಲ ಅಕ್ಕ," ಅಂದ ಅವನು ನಕ್ಕು. "ಬ್ಯಾಡ ಅನ್ನಾಕ ಬರೋರು ಹ್ಞೂಂ ಅಂದ್ರ ಅದು ಹ್ಞೂಂ."

ಅವ್ವ ವಾಪಸು ಬಂದು ಕಟ್ಟೆಯ ಮೇಲೆ ಕೂತು ಮೊರ ಎಳೆದುಕೊಂಡಳು. ಆಮೇಲೆ, "ಚಿಗಟೇರಿ ದಫೇದಾರ ಬದುಕ್ಯಾನೇನು ನೋಡು" ಅಂದಳು.

ದಫೇದಾರ ಎಂದರೆ ಬಹಳ ಹಿಂದೆ ನಮ್ಮೂರ ಠಾಣೆಯಲ್ಲಿ ಮಾಮನ ಮಾತು ಕೇಳಿಸಿಕೊಳ್ಳುತ್ತಿದ್ದವನು. ನಿವೃತ್ತನಾಗಿ ಚಿಗಟೇರಿಯಲ್ಲಿದ್ದ. ಬೈಕು ಹಾಕಿಕೊಂಡು ಹೋದೆ. ಮನೆ ಮುಂದೆ ಹರವಿದ ಮೆಕ್ಕೆಜೋಳಕ್ಕೆ ಕೋಳಿ ಬಾರದಂತೆ, ಕುರ್ಚಿ ಹಾಕಿಕೊಂಡು ಉದ್ದನೆಯ ಕೋಲು ಹಿಡಿದು ಕೂತಿದ್ದ.

"ಹಲ್ಲಿನ ಡಾಕ್ಟ್ರು ಹೆಂಗದಾನ?" ಅಂದ.

"ಅದಾನ್ರಿ. ಹಡಗಲಿಗೆ ಹೋಗಾಕ ಆಗವಲ್ದು. ಹೊಸ ಸಾಹೇಬ್ರು ಬೇಕಾಗಿಲ್ಲ ಅಂದುಬಿಟ್ಟಾರ."

ದಫೇದಾರ ಹಣೆ ಬಡಿದುಕೊಂಡ. "ಅದೊಂದು ಮಾತು ಬಿಟ್ಟು ಏನಾರ ಅನ್ನಬೇಕಿತ್ತಲೋ!"

ಆಮೇಲೆ ಅವನು ಹೇಳಿದ್ದು ಇದು. ಆ ಕಟ್ಟಳೆ ತೆಗೆದುಹಾಕಿ ಯಾವ ಕಾಲವಾಗಿತ್ತೋ. ಅಪ್ಪಣೆ ಬೇಡ ಎಂದು ಮೇಲಿನಿಂದ ಬಂದ ದಿನ ದಫೇದಾರನೇ ಮಾಮನನ್ನು ಕರೆಸಿದ್ದ, ಒಳ್ಳೆಯ ಸುದ್ದಿ ಹೇಳೋಣ ಎಂದು. "ಮಾರಾಯ, ಇನ್ನ ಮ್ಯಾಲೆ ಏನೂ ಬೇಕಾಗಿಲ್ಲ ಅಂದ್ನಿ ನೋಡು, ಮಾರಿ ಸುಣ್ಣದಂಗ ಆತು. ಬೆಂಚಿನ ಮ್ಯಾಲೆ ಕುಂತಾವ ಹೊತ್ತು ಮುಣುಗಿದ್ರೂ ಏಳವಲ್ಲ. ಬೀಡಿ ಕೊಟ್ಟೆ, ಮುಟ್ಟವಲ್ಲ. ಕಡೀಗೆ ಏನ್ ಹೊಳೀತೋ, ಸರಿ, ಎಲ್ಲಿಗೆ ಹೊಂಟಿ, ಯಾವಾಗ ಬರ್ತಿ ಹೇಳು ಅಂದ್ನಿ. ಹಡಗಲಿಗ್ರಿ, ನಾಳಿಗೆ ಬರ್ತೀನಿ ಅಂದ. ಹ್ಞೂಂ, ಹೋಗಿ ಬಾ ಅಂದ್ನಿ. ಟಣಕ್ಕನ ಎದ್ದು ಹೋದ. ಆಮ್ಯಾಲೆ ನಾ ವರ್ಗ ಆಗಿ ಹೋಗುವಾಗ ಮುಂದಿನಾವಗ ಹೇಳಿ ಹೋದ್ನಿ. ಅಂವ ಅವನ ಮುಂದಿನಾವಗ. ಹಲ್ಲಿನ ಡಾಕ್ಟ್ರು ಬಂದ್ರ ಎಲ್ಲಿಗೆ, ಯಾವಾಗ ಅಂತ ಕೇಳ್ರಿ, ಹ್ಞೂಂ ಅನ್ರಿ. ಅಷ್ಟು ಹೇಳಾದು ಯಾವನೋ ಮರತಾನ."

ಒಂದು ಠಾಣೆ ತನ್ನೊಳಗೇ ಬಾಯಿಂದ ಬಾಯಿಗೆ ಇಷ್ಟು ಕಾಲ ಇದನ್ನು ನಡೆಸಿಕೊಂಡು ಬಂದಿತ್ತು. ಊರಲ್ಲಿ ನಮಗಾರಿಗೂ ಗೊತ್ತಿರಲಿಲ್ಲ.

ದಫೇದಾರನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದೆ. ಪಂಚೆ, ಬನಿಯನ್ನು, ಹೆಗಲ ಮೇಲೆ ಟವಲು. ಮಾಮನನ್ನು ಕಂಡವನೇ ಎದೆ ಸೆಟೆಸಿ, "ಏನ್ಲೇ, ಎಲ್ಲಿಗೆ ಹೊಂಟಿ, ಯಾವಾಗ ಬರ್ತಿ?" ಎಂದು ಗದರಿಸಿದ.

ಮಾಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಟೊಪ್ಪಿಗಿ ಎಲ್ಲಿ?"

"ಟೊಪ್ಪಿಗಿ ಸರಕಾರಕ್ಕ ಕೊಟ್ಟೆ."

"ಹಂಗಾರ ನಡೆಯಂಗಿಲ್ಲ ಬಿಡು. ಚಾ ಕುಡಿ, ಬಾ. ಬಾಯಿ ತಗಿ ನೋಡೋಣ, ದವಡಿ ಹಲ್ಲು ಅದಾವಾ, ಸರಕಾರಕ್ಕ ಕೊಟ್ಯಾ?"

ಅವ್ವ ನಕ್ಕಿದ್ದಕ್ಕೆ ಅವಳ ಸೆಟ್ಟು ಕಳಚಿ ಸೆರಗಿಗೆ ಬಿತ್ತು. ಅಷ್ಟು ದಿನಗಳಲ್ಲಿ ನಮ್ಮ ಕಟ್ಟೆಯ ಮೇಲೆ ಕೇಳಿದ ನಗು ಅದೊಂದೇ.

ಠಾಣೆಗೆ ಮತ್ತೆ ಹೋದೆವು. ದಫೇದಾರ ಮೊದಲು ಒಬ್ಬನೇ ಒಳಗೆ ಹೋದ. ನಾವಿಬ್ಬರು ಬೇವಿನ ಮರದಡಿ ನಿಂತೆವು, ನರ್ಸಮ್ಮ ಕೊಡೆ ಹಿಡಿದು ನಿಲ್ಲುತ್ತಿದ್ದ ಜಾಗದಲ್ಲಿ. ಒಳಗೆ ಕರೆದಾಗ ಸಾಹೇಬರು ಎರಡು ಕೈಯಿಂದಲೂ ಕಣ್ಣುಜ್ಜಿಕೊಳ್ಳುತ್ತಿದ್ದರು. ಹಿಂದಿನ ರಾತ್ರಿಯೂ ಬಂದೋಬಸ್ತಿಗೆ ಹೋಗಿ ನಿದ್ದೆಯಾಗಿರಲಿಲ್ಲವೋ ಏನೋ. ಮೇಜಿನ ಹಿಂದಿದ್ದ ಕೂಡ್ಲಿಗಿ ಕಡೆಯ ಮಹಿಳಾ ಪೇದೆಗೆ, "ಏನು ಕೇಳಬೇಕೋ ಕೇಳಮ್ಮ" ಅಂದರು.

ಆಕೆ ಟೋಪಿ ಹಾಕಿಕೊಂಡಳು. ಅದನ್ನು ದಫೇದಾರನೇ ಹೇಳಿಕೊಟ್ಟಿದ್ದನೆಂದು ಆಮೇಲೆ ತಿಳಿಯಿತು.

"ಎಲ್ಲಿಗೆ ಹೊಂಟೀರಿ ಅಜ್ಜಾರ?"

"ಹಡಗಲಿಗ್ರಿ."

"ಯಾವಾಗ ಬರ್ತೀರಿ?"

"ಸಂಜಿಗೆ ಬರ್ತೀನ್ರಿ."

"ಹ್ಞೂಂ, ಹೋಗಿ ಬರ್ರಿ."

ಮಾಮ ಕೈಮುಗಿದ. ಆದರೆ ಹೊರಡಲಿಲ್ಲ. ಸಾಹೇಬರ ಕಡೆ ತಿರುಗಿದ. "ಇನ್ನೊಂದು ಐತ್ರಿ. ಮುಂದ ಒಮ್ಮೆ ಹಡಗಲಿಗೆ ಹೋಗಾದೈತಿ. ಆವಾಗ ನಾ ಬಂದು ಹೇಳಾಕ ಆಗಂಗಿಲ್ಲ. ಈ ನಮ್ಮ ಅಳಿಯ ಬಂದು ಹೇಳ್ತಾನ. ನಡೀತೈತೇನ್ರಿ?"

ಸಾಹೇಬರು ಕಣ್ಣುಜ್ಜುವುದನ್ನು ನಿಲ್ಲಿಸಿದರು.

"ನಡೆಯುತ್ತೆ ಯಜಮಾನ್ರೇ," ಅಂದರು.

ಹಡಗಲಿಗೆ ನಾನೂ ಹೋದೆ. ದಿನ ತಪ್ಪಿಹೋಗಿತ್ತು. ಹೊಸ ಮಂಡಕ್ಕಿ ಒಗ್ಗರಣೆ ಕಟ್ಟಿಸಿಕೊಂಡಿದ್ದೆವು, ಜೊತೆಗೆ ಮೆಣಸಿನಕಾಯಿ ಬಜ್ಜಿ. ಬದುವಿನ ಮೇಲೆ ನಡೆಯುವಾಗ ಮಾಮ ಎರಡು ಸಲ ನಿಂತು ಉಸಿರು ತಗೊಂಡ. ಗೋರಿಯ ಮೇಲೆ ಎಡೆ ಇಟ್ಟು, "ತಡ ಆತು, ಬೈಬ್ಯಾಡ" ಅಂದ. ಆಮೇಲೆ ಪಕ್ಕದಲ್ಲಿ ತಾನು ನೆಟ್ಟ ಕಲ್ಲನ್ನು ಕಾಲಿನಿಂದ ಒತ್ತಿ ನೋಡಿದ. ಅಲುಗಲಿಲ್ಲ. ಅವಳ ತಮ್ಮನ ಮನೆಯಲ್ಲಿ ಒಂದು ರೊಟ್ಟಿ ಪೂರ್ತಿ ತಿಂದ. ಸಂಜೆ ಬಸ್ಸಿಳಿದು ನೇರ ಠಾಣೆಗೆ ಹೋಗಿ, "ಬಂದೀನ್ರಿ" ಎಂದು ಹೇಳಿ, ಮನೆಗೆ ಬಂದು ಬೀಗ ತೆಗೆದ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವನು ಏಳಲಿಲ್ಲ.

ವ್ಯಾನು ಬಂತು. ಹಡಗಲಿಯಿಂದ ಅವಳ ತಮ್ಮ, ಅವನ ಮಕ್ಕಳು ಬಂದರು. ಎತ್ತಬೇಕು ಎನ್ನುವಾಗ ಅವ್ವ ಕೋಲು ಅಡ್ಡ ಹಿಡಿದಳು. "ಮೊದ್ಲು ಹೇಳಿ ಬಾ ಹೋಗು. ಅಲ್ಲೀತನಕ ಅವನ್ನ ಎತ್ತಬ್ಯಾಡ್ರಿ." ಎತ್ತಲು ಬಗ್ಗಿದವರು ಹಿಂದೆ ಸರಿದರು.

ನಾನು ಠಾಣೆಗೆ ನಡೆದು ಹೋದೆ. ಮೇಜಿನ ಹಿಂದೆ ಅದೇ ಹೆಣ್ಣುಮಗಳಿದ್ದಳು.

"ಮಾಮ ಹಡಗಲಿಗೆ ಹೊಂಟಾನ್ರಿ," ಅಂದೆ.

ಆಕೆ ಮುಂದಿನ ಪ್ರಶ್ನೆ ಕೇಳಲು ಬಾಯಿ ತೆರೆದು ಮುಚ್ಚಿದಳು. ಎದ್ದು ನಿಂತು ಟೋಪಿ ಹಾಕಿಕೊಂಡಳು. "ಹ್ಞೂಂ," ಅಂದಳು.

ವ್ಯಾನು ಸರ್ಕಲ್ಲಿಗೆ ಬರುವಷ್ಟರಲ್ಲಿ ಆಕೆ ಅಲ್ಲಿ ರಸ್ತೆಯ ನಡುವೆ ಕೈ ಎತ್ತಿ ನಿಂತಿದ್ದಳು. ಮೆಕ್ಕೆಜೋಳದ ಲಾರಿಗಳು ಸಾಲಾಗಿ ನಿಂತವು. ನಮ್ಮ ವ್ಯಾನು ಹಡಗಲಿ ರಸ್ತೆಗೆ ತಿರುಗಿತು.